ಕ್ಲೌನ್ ಮೀನಿನ ಮರಿಗೆ ಮೊದಲ ತುತ್ತು

ಅಂಗಡಿಯ ತೊಟ್ಟಿಯಲ್ಲಿರೋ ಕಿತ್ತಳೆ ಬಣ್ಣದ ಕ್ಲೌನ್ ಮೀನು
ಸಮುದ್ರವನ್ನೇ ನೋಡದೆ ಹುಟ್ಟಿರಬಹುದು, ಗೊತ್ತಾ?

ಹೊಂದಿಕೊಂಡ ಜೋಡಿ ಸಿಕ್ಕರೆ,
ತೊಟ್ಟಿಯ ಕಲ್ಲಿನ ಮೇಲೇ ಹೆಣ್ಣು ಮೊಟ್ಟೆ ಅಂಟಿಸುತ್ತೆ.
ಕಾಯೋದು ಅಪ್ಪ!
ಈಜುರೆಕ್ಕೆ ಬೀಸಿ ಬೀಸಿ ನೀರಾಡಿಸುತ್ತೆ.
ಸುಮಾರು ಒಂದು ವಾರ.
ಕತ್ತಲಾದ ಮೇಲೆ ಮರಿಗಳು ಹೊರಗೆ ಬರುತ್ತವೆ.

ಕಷ್ಟ ಶುರುವಾಗೋದು ಈಗ.
ಮರಿಯ ಬಾಯಿ ತೀರಾ ಚಿಕ್ಕದು.
ಅದಕ್ಕೆ ಬೇಕು ಜೀವಂತ ರೋಟಿಫರ್,
ಕಣ್ಣಿಗೆ ಕಂಡೂ ಕಾಣದಂಥ ಜೀವಿ.
ಅದನ್ನ ಪಾಚಿ ಹಾಕಿ ನಾವೇ ಬೆಳೆಸಬೇಕು.
ಮೊಸರಿಗೆ ಹೆಪ್ಪು ಉಳಿಸೋ ಹಾಗೆ,
ದಿನಾ ಸ್ವಲ್ಪ ತೆಗೆದು,
ಉಳಿದದ್ದನ್ನ ಮತ್ತೆ ಬೆಳೆಯೋಕೆ ಬಿಡಬೇಕು.
ಈ ರೋಟಿಫರ್ ಕೆಟ್ಟರೆ ಮರಿಗಳೂ ಉಳಿಯಲ್ಲ.

ಎರಡು ವಾರದ ಹೊತ್ತಿಗೆ
ಮರಿಗಳ ಮೈಮೇಲೆ ಬಿಳಿ ಪಟ್ಟೆ!

ತಮಿಳುನಾಡಿನ ಮಂಡಪಂನಲ್ಲಿ
ಸರ್ಕಾರಿ ವಿಜ್ಞಾನಿಗಳು ಹೀಗೆ ಮರಿ ಬೆಳೆಸಿ ತೋರಿಸಿದ್ದಾರೆ.

ಮೀನು ಕೊಳ್ಳುವಾಗ ಅಂಗಡಿಯಲ್ಲಿ ಕೇಳಿ:
ಹೀಗೆ ಹ್ಯಾಚರಿಯಲ್ಲಿ ಮರಿ ಮಾಡಿಸಿದ ಮೀನಾ, ಸಮುದ್ರದಿಂದ ಹಿಡಿದದ್ದಾ?
ಹ್ಯಾಚರಿಯದ್ದೇ ತಗೊಳ್ಳಿ.