ಬೀಗ ಬಿದ್ದ ಕಾರ್ಖಾನೆಯ ಉಳಿಕೆ

ಕಾರ್ಖಾನೆಗೆ ಬೀಗ ಬಿದ್ದ ದಿನವೇ ಅದರ ಕಥೆ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಯಂತ್ರಗಳು ಗುಜರಿಗೆ ಹೋಗುತ್ತವೆ, ನೆಲ ಮತ್ತೊಬ್ಬರ ಪಾಲಾಗುತ್ತದೆ. ಆದರೆ ಕೀಟನಾಶಕ ತಯಾರಿಸಿದ ಸ್ಥಾವರವನ್ನು ಹಾಗೆ ಬಿಚ್ಚಿ ಮಾರಲಾಗದು. ಕೊಳವೆ, ತೊಟ್ಟಿ, ಅಡಿಯ ಮಣ್ಣಿನಲ್ಲೆಲ್ಲ ವಿಷ ಸೇರಿಕೊಂಡಿರುತ್ತದೆ.

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ 1984ರ ಡಿಸೆಂಬರ್ 2ರ ರಾತ್ರಿ ಸೋರಿದ ಅನಿಲದ ವಿಷಯ ಎಲ್ಲರಿಗೂ ತಿಳಿದದ್ದೇ. ಅಷ್ಟಾಗಿ ತಿಳಿಯದಿರುವುದು ಅನಂತರದ ನಲವತ್ತು ವರ್ಷ. ಕಂಪನಿ 1994ರಲ್ಲಿ ತನ್ನ ಭಾರತೀಯ ಘಟಕದ ಷೇರುಗಳನ್ನು ಮಾರಿತು. 1998ರಲ್ಲಿ ಗುತ್ತಿಗೆಯ ಭೂಮಿ ರಾಜ್ಯ ಸರ್ಕಾರಕ್ಕೆ ಮರಳಿತು. 2001ರಲ್ಲಿ ಮೂಲ ಕಂಪನಿಯೇ ಡೌ ಕೆಮಿಕಲ್ ವಶವಾಯಿತು. ತ್ಯಾಜ್ಯ ಮಾತ್ರ ಇದ್ದಲ್ಲಿಯೇ ಉಳಿದು ಅಂತರ್ಜಲಕ್ಕೆ ಇಳಿಯಿತು. ಸುತ್ತಲಿನ ಬಡಾವಣೆಗಳಿಗೆ ಶುದ್ಧ ನೀರು ಕೊಡಿಸಲು ಸುಪ್ರೀಂ ಕೋರ್ಟಿನ ಆದೇಶವೇ ಬೇಕಾಯಿತು. ಕಾಸರಗೋಡಿನವರಿಗೆ ಇಂಥದ್ದು ಅಪರಿಚಿತವಲ್ಲ; ಸಿಂಪಡಣೆ ನಿಂತ ಮೇಲೂ ಎಂಡೋಸಲ್ಫಾನ್ ಪೀಪಾಯಿಗಳು ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ಉಳಿದಿದ್ದವು.

ಮಲಿನಗೊಳಿಸಿದವನೇ ವೆಚ್ಚ ತೆರಬೇಕೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ರಾಜಸ್ಥಾನದ ಬಿಚ್ರಿ ಗ್ರಾಮದ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. ತತ್ತ್ವದಲ್ಲಿ ಗೊಂದಲವಿಲ್ಲ. ಒಡೆತನ ಕೈ ಬದಲಿಸಿದ ಮೇಲೆ ತೆರಬೇಕಾದವನು ಯಾರೆಂದು ನಿರ್ಣಯಿಸುವುದೇ ಕಷ್ಟ; ವಾಯಿದೆಗಳಲ್ಲಿ ತಲೆಮಾರು ಕಳೆಯುತ್ತದೆ. ಭೋಪಾಲದ ಆವರಣವನ್ನು ಶುಚಿಗೊಳಿಸಬೇಕೆಂಬ ಅರ್ಜಿ 2004ರದು. ಮಧ್ಯಪ್ರದೇಶ ಹೈಕೋರ್ಟು ನಾಲ್ಕು ವಾರಗಳ ಗಡುವು ವಿಧಿಸಿದ್ದು 2024ರ ಡಿಸೆಂಬರಿನಲ್ಲಿ. ಖರ್ಚು ಭರಿಸಿದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟುವ ಜನ.

2025ರ ಜನವರಿ 1ರ ರಾತ್ರಿ ಸುಮಾರು 337 ಟನ್ ತ್ಯಾಜ್ಯ 12 ಕಂಟೇನರುಗಳಲ್ಲಿ 250 ಕಿ.ಮೀ. ದೂರದ ಪೀತಂಪುರದ ದಹನ ಘಟಕಕ್ಕೆ ಹೊರಟಿತು. ಅಲ್ಲಿನ ಜನ ಬೀದಿಗಿಳಿದರು. ಬೇರೆ ಊರಿನ ವಿಷ ತಮ್ಮ ಗಾಳಿಗೂ ಬಾವಿಗೂ ಸೇರೀತೆಂಬ ಅವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಭೋಪಾಲದವರಿಗೂ ಒಂದು ಕಾಲದಲ್ಲಿ ಎಲ್ಲವೂ ಸುರಕ್ಷಿತವೆಂದೇ ಹೇಳಲಾಗಿತ್ತು. ಪ್ರಾಯೋಗಿಕ ದಹನದ ಬಳಿಕ ಜೂನ್ ಅಂತ್ಯಕ್ಕೆ ಸುಡುವ ಕೆಲಸ ಮುಗಿಯಿತು. ಸುಡುವಾಗ ಸುಣ್ಣ ಮೊದಲಾದವನ್ನು ಬೆರೆಸುವುದರಿಂದ ಉಳಿಕೆಯ ತೂಕ 800 ಟನ್ನನ್ನೂ ಮೀರಿತು. ಅದನ್ನು ಎಲ್ಲಿ ಹೂಳಬೇಕೆಂಬ ಪ್ರಶ್ನೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು.

ಹೀಗೆ ಸಾಗಿಹೋದದ್ದು ಆವರಣದಲ್ಲಿ ಸಂಗ್ರಹಿಸಿಟ್ಟಿದ್ದ ಭಾಗವಷ್ಟೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 2010ರಲ್ಲಿ ಅಂದಾಜಿಸಿದಂತೆ ಅಲ್ಲಿ ಕಲುಷಿತಗೊಂಡ ಮಣ್ಣೇ ಸುಮಾರು 11 ಲಕ್ಷ ಟನ್.