ಇಲಿಮರಿಯ ಮೀಸೆ ಮತ್ತು ಸೆರೊಟೋನಿನ್

ಒಂದು ನರಕೋಶ ಹೊರಬಿಟ್ಟ ನ್ಯೂರೋಟ್ರಾನ್ಸ್‌ಮಿಟರ್ ಸಂದೇಶ ಮುಟ್ಟಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ? ತರಗತಿಯಲ್ಲಿ ಕೇಳಿದೆ. ಎಷ್ಟೋ ಸಲ ಟ್ರಾನ್ಸ್‌ಪೋರ್ಟರ್ ಎಂಬ ಪ್ರೋಟೀನು ಅದನ್ನು ಕೋಶದೊಳಗೆ ಎಳೆದುಕೊಳ್ಳುತ್ತದೆ ಎಂದರು ಮೇಡಂ. ಬರೀ ಗುಡಿಸುವ ಕೆಲಸ ಅಂದುಕೊಂಡೆ.

ಆಮೇಲೆ ಇಲಿಮರಿಗಳ ವಿಷಯ ಓದಿದೆ. ಇಲಿಯ ಮಿದುಳಿನಲ್ಲಿ ಮೂತಿಯ ಒಂದೊಂದು ಮೀಸೆಗೂ ನರಕೋಶಗಳ ಒಂದೊಂದು ಗುಂಪಿದೆ. ಹುಟ್ಟಿದ ಮೊದಲ ವಾರದಲ್ಲಿ ಥಲಾಮಸ್‌ನಿಂದ ಬರುವ ನರತಂತುಗಳು ಈ ನಕ್ಷೆ ಬರೆಯುತ್ತವೆ. ಸೋಜಿಗವೆಂದರೆ, ಆ ನರಕೋಶಗಳು ಸೆರೊಟೋನಿನ್ ತಯಾರಿಸುವುದೇ ಇಲ್ಲ. ಆದರೂ ಹುಟ್ಟಿದ ಮೇಲೆ ಸುಮಾರು 10ನೇ ದಿನದವರೆಗೆ ಅದರ ಟ್ರಾನ್ಸ್‌ಪೋರ್ಟರ್ ಇಟ್ಟುಕೊಂಡಿರುತ್ತವೆ! ಆ ಜೀನ್ ತೆಗೆದುಹಾಕಿದ ಇಲಿಗಳಲ್ಲಿ ಕೋಶದ ಹೊರಗೆ ಸೆರೊಟೋನಿನ್ ಹೆಚ್ಚಾಗಿ, ತಂತುಗಳು ಸರಿಯಾಗಿ ಗುಂಪುಗೂಡದೆ ನಕ್ಷೆಯ ಗಡಿಗಳು ಮಸುಕಾಗುತ್ತವೆ.

ಓದಿ ಗಾಬರಿಯಾಯಿತು. ಗರ್ಭಿಣಿಯಾಗಿರುವ ನಮ್ಮ ಆಪಾ (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ) ಖಿನ್ನತೆಗೆ ತೆಗೆದುಕೊಳ್ಳುವ ಮಾತ್ರೆ ತಡೆಯುವುದು ಇದೇ ಟ್ರಾನ್ಸ್‌ಪೋರ್ಟರನ್ನು. ಮೇಡಂ ಹತ್ತಿರ ಹೇಳಿದೆ. "ಜೀನೇ ಇಲ್ಲದ ಇಲಿ ಬೇರೆ, ಮಾತ್ರೆ ನುಂಗುವ ಮನುಷ್ಯರು ಬೇರೆ. ಚಿಕಿತ್ಸೆಯಿಲ್ಲದ ಖಿನ್ನತೆಯೂ ತಾಯಿ ಮಗುವಿಗೆ ಅಪಾಯವೇ. ಮಾತ್ರೆ ಬಿಡಿ ಎಂದು ನೀನು ಹೇಳಬೇಡ, ಡಾಕ್ಟರನ್ನು ಕೇಳಲಿ" ಎಂದರು.

ಮುಂದಿನ ತಪಾಸಣೆಗೆ ನಾನೂ ಜೊತೆಗೆ ಹೋದೆ. ಕೇಳಿದೆವು. ಮಾತ್ರೆ ಮುಂದುವರಿದಿದೆ.