ಒಳಗೆ ಹೋಗಿ ಕೇಳುವವರು ಯಾರು?

2001ರ ಆಗಸ್ಟ್ 6ರ ಬೆಳಗಿನ ಜಾವ, ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನಿಟ್ಟಿದ್ದ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಎದ್ದು ಓಡುವಂತಿರಲಿಲ್ಲ. 28 ಜೀವಗಳು ಹೋದವು. ಆ ಸರಪಳಿ ಗುಟ್ಟಿನದೇನಲ್ಲ. ಅಲ್ಲಿನ ದರ್ಗಾಕ್ಕೆ ಹರಕೆ ಹೊತ್ತು ಬರುವವರ ಕಣ್ಣಿಗೇ ಬೀಳುತ್ತಿತ್ತು. ಕಂಡದ್ದನ್ನು ಬರೆದುಕೊಂಡು ಜವಾಬು ಕೇಳುವ ಹೊಣೆ ಮಾತ್ರ ಯಾರ ಹೆಗಲ ಮೇಲೂ ಇದ್ದಂತಿರಲಿಲ್ಲ.

ಸರ್ಕಾರಿ ಆಸ್ಪತ್ರೆಗಳ ಸ್ಥಿತಿ ಅಷ್ಟರಲ್ಲಾಗಲೇ ದಾಖಲಾಗಿತ್ತು. ನಿಮ್ಹಾನ್ಸ್‌ನ ಮುಖ್ಯಸ್ಥರಾಗಿದ್ದ ಡಾ. ಎಸ್.ಎಂ. ಚನ್ನಬಸವಣ್ಣನವರ ನೇತೃತ್ವದ ತಂಡ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ದೇಶದ 37 ಮಾನಸಿಕ ಆಸ್ಪತ್ರೆಗಳನ್ನು ನೋಡಿಬಂದಿತ್ತು. ಜೈಲಿನಂಥ ಕಟ್ಟಡ, ಎತ್ತರದ ಗೋಡೆ, ಬೀಗ ಜಡಿದ ಕೋಣೆಗಳು 1999ರ ಆ ವರದಿಯಲ್ಲಿವೆ. ಕನ್ನಡಿಗ ವೈದ್ಯರೊಬ್ಬರು ತಮ್ಮದೇ ವೃತ್ತಿಯ ಅಂಗಳಕ್ಕೆ ದೀಪ ಹಿಡಿದ ಈ ಕೆಲಸವನ್ನು ನಾವು ಇನ್ನಷ್ಟು ನೆನೆಯಬೇಕಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿತು. ಬಲವಂತವಾಗಿ ತಲೆ ಬೋಳಿಸಕೂಡದು, ರೋಗಿಗೆ ಇಷ್ಟವಿದ್ದರೆ ಸ್ವಂತ ಬಟ್ಟೆ ತೊಡಲು ಬಿಡಬೇಕು ಎಂದಿತು. ಎಷ್ಟು ಸಣ್ಣ ಸಂಗತಿಗಳು! ಕಾನೂನಿನಲ್ಲಿ ಬರೆಯಬೇಕಾಯಿತೆಂದರೆ ಒಳಗೆ ಏನು ನಡೆದಿತ್ತೆಂದು ಊಹಿಸಿ. ನೋಂದಾಯಿತ ಸಂಸ್ಥೆಗಳಿಗೆ ಮೂರು ವರ್ಷಕ್ಕೊಮ್ಮೆ ತಪಾಸಣೆ, ಅದರಲ್ಲಿ ಸ್ಥಳೀಯರಿಗೂ ಪಾಲು. ದೂರು ಕೇಳುವ ಮಂಡಳಿಯಲ್ಲಿ ನ್ಯಾಯಾಧೀಶರು, ವೈದ್ಯರ ಜೊತೆಗೆ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡಿದವರು ಇಲ್ಲವೇ ಅವರ ಸಂಘಟನೆಯ ಪ್ರತಿನಿಧಿಗಳಿಗೂ ಎರಡು ಸ್ಥಾನ.

ಆ ಎರಡು ಸ್ಥಾನಗಳೇ ಈ ಕಾಯ್ದೆಯ ಜೀವ ಎಂದು ನಾನು ನಂಬಿದ್ದೇನೆ. ಮುಂಚಿತವಾಗಿ ತಿಳಿಸಿ ಬರುವ ಅಧಿಕಾರಿಗೆ ಒಗೆದ ಚಾದರ, ತಿದ್ದಿದ ರಿಜಿಸ್ಟರ್ ತೋರಿಸಿ ಕಳುಹಿಸಬಹುದು. ವಾರ್ಡಿನಲ್ಲಿ ಮಲಗೆದ್ದವರು ತಪಾಸಣೆಗೆ ಬಂದರೆ ನೇರ ಶೌಚಾಲಯದ ಚಿಲಕ ನೋಡುತ್ತಾರೆ. ರಾತ್ರಿ ಪಾಳಿಯವರು ಹೇಗೆ ಮಾತಾಡಿಸುತ್ತಾರೆಂದು ಕೇಳುತ್ತಾರೆ. ಸಿಬ್ಬಂದಿಯನ್ನು ಹೊರಗೆ ನಿಲ್ಲಿಸಿದರೆ ಮಾತ್ರ ರೋಗಿ ಬಾಯಿ ಬಿಡುತ್ತಾನೆ. ‘ಅವನ ಮಾತು ಕಾಯಿಲೆಯದು’ ಎಂದು ತಳ್ಳಿಹಾಕದ ಕಿವಿ ಎದುರಿಗಿರಬೇಕು.

2023ರ ಆರಂಭದಲ್ಲಿ ಅದೇ ಮಾನವ ಹಕ್ಕುಗಳ ಆಯೋಗ 46 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ಅಮಾನವೀಯ ಎಂದಿತು. ಗುಣವಾದವರನ್ನೂ ಮನೆಗೆ ಕಳುಹಿಸದೆ ಇಟ್ಟುಕೊಂಡಿದ್ದನ್ನು ಎತ್ತಿ ತೋರಿಸಿತು. ಇಂಥ ಭೇಟಿಯ ವರದಿಗಳು ಕಡತದಲ್ಲಿ ಕೊಳೆಯಬಾರದು. ಯಾವ ಆಸ್ಪತ್ರೆ, ಯಾವ ದಿನ ನೋಡಿದ್ದು, ಏನು ಸರಿಪಡಿಸಲು ಎಷ್ಟು ಗಡುವು ಎಂಬುದನ್ನೆಲ್ಲ ಕನ್ನಡದಲ್ಲಿ ಅಚ್ಚು ಹಾಕಿ ಆಸ್ಪತ್ರೆಯ ಹೊರಬಾಗಿಲಿಗೇ ಅಂಟಿಸಲಿ. ಮಗಳನ್ನೋ ಅಣ್ಣನನ್ನೋ ಒಳಗೆ ಸೇರಿಸಲು ಬಂದವರು ಸಹಿ ಹಾಕುವ ಮೊದಲು ಓದಿಕೊಳ್ಳಲಿ.